ಅಂತರ್ಜಾಲ ವಿಡಿಯೋಗಳಲ್ಲಿ ಧ್ವನಿಯ ಗುಣಮಟ್ಟ: ಒಂದು ತುಲನಾತ್ಮಕ ಪರಿಚಯ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಮುದಗಲ್ ಪಟ್ಟಣವು ತನ್ನ ಕೋಟೆಯಿಂದ ಎಷ್ಟು ಪ್ರಸಿದ್ಧವೋ ಮೊಹರಂ ಆಚರಣೆಯಿಂದಲೂ ಅಷ್ಟೇ ಪ್ರಸಿದ್ಧವಾಗಿದೆ. ಹುಸೇನಿ ಆಲಂ ದರ್ಗಾದ ಸುತ್ತ ಹಿಂದೂಗಳು, ಮುಸ್ಲಿಮರು ಎಂಬ ಭೇದವಿಲ್ಲದೆ ಜನಸಾಗರ ಸೇರುತ್ತದೆ. ಹಲಗೆಯ ಬಡಿತಕ್ಕೆ ಹೆಜ್ಜೆ ಕೂಡುತ್ತದೆ. ರಿವಾಯತ್ ಪದಗಳನ್ನು ಕನ್ನಡದಲ್ಲಿಯೇ ಹಾಡಲಾಗುತ್ತದೆ. ದುಡಿಮೆಗಾಗಿ ಬೆಂಗಳೂರು, ಪುಣೆ, ಮುಂಬಯಿ, ಗೋವಾಗಳಿಗೆ ಹೋದವರಲ್ಲಿ ಊರಿಗೆ ಬರಲಾಗದವರು ಈ ಆಚರಣೆಯನ್ನು ಇಂದು ಮೊಬೈಲಿನ ಪರದೆಯ ಮೇಲೆ ನೋಡುತ್ತಾರೆ. ಅವರಿಗೆ ಬೇಕಾದದ್ದು ಬರಿಯ ದೃಶ್ಯವಲ್ಲ. ಪದದ ಸಾಲು ತಿಳಿಯಬೇಕು, ಹಲಗೆಯ ಪೆಟ್ಟು ಪೆಟ್ಟಾಗಿಯೇ ಕೇಳಬೇಕು.

ಈ ವಿಷಯವು ಆಚರಣೆಗೆ ಮಾತ್ರ ಸಂಬಂಧಿಸಿದ್ದಲ್ಲ. ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಂತಹ ಪಟ್ಟಣಗಳಲ್ಲಿ ಮದುವೆ, ಜಾತ್ರೆ, ನಾಟಕಗಳನ್ನು ಚಿತ್ರೀಕರಿಸುವ ಸ್ಟುಡಿಯೋಗಳಿವೆ. ಬಟ್ಟೆ, ಬಂಗಾರ, ಬೀಜ ಗೊಬ್ಬರಗಳ ವ್ಯಾಪಾರಿಗಳು ತಮ್ಮ ಅಂಗಡಿಯ ಜಾಹೀರಾತನ್ನು ಕರಪತ್ರದ ಬದಲು ಮೊಬೈಲ್ ವಿಡಿಯೋದ ಮೂಲಕ ಗ್ರಾಹಕರಿಗೆ ಮುಟ್ಟಿಸುವುದು ಸಾಮಾನ್ಯವಾಗಿದೆ. ಚಿತ್ರ ತುಸು ಮಸುಕಾಗಿದ್ದರೂ ನೋಡುಗನು ಸಹಿಸಿಕೊಳ್ಳಬಹುದು. ಆದರೆ ಬೆಲೆ ಎಷ್ಟು, ಅಂಗಡಿ ಎಲ್ಲಿ ಎಂಬ ಮಾತೇ ಕಿವಿಗೆ ಬೀಳದಿದ್ದರೆ ಜಾಹೀರಾತಿಗೆ ಹಾಕಿದ ಹಣ ವ್ಯರ್ಥವಾದಂತೆಯೇ ಸರಿ.

ಒಂದೇ ಕಾರ್ಯಕ್ರಮದ ಧ್ವನಿಯು ಒಂದು ಕಡೆ ಸ್ಪಷ್ಟವಾಗಿಯೂ ಇನ್ನೊಂದು ಕಡೆ ಡಬ್ಬಿಯೊಳಗಿನಿಂದ ಬಂದಂತೆಯೂ ಕೇಳಿಸಲು ಕಾರಣವೇನು? ವಿಡಿಯೋವನ್ನು ನುಡಿಸುವ ತಂತ್ರಜ್ಞಾನದ ಪಾತ್ರ ಇದರಲ್ಲಿ ಎಷ್ಟು? ವರ್ತಕರೂ ಸ್ಟುಡಿಯೋ ಮಾಲೀಕರೂ ಈ ಕುರಿತು ಅರಿತಿರಬೇಕಾದ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಧ್ವನಿಯನ್ನು ಅಳೆಯುವ ಬಗೆ

ಡಿಜಿಟಲ್ ಧ್ವನಿಯ ಗುಣಮಟ್ಟವನ್ನು ಮುಖ್ಯವಾಗಿ ನಾಲ್ಕು ಅಂಶಗಳು ನಿರ್ಧರಿಸುತ್ತವೆ.

ಮೊದಲನೆಯದು ಮಾದರಿ ದರ. ಧ್ವನಿಯ ಅಲೆಯನ್ನು ಯಂತ್ರವು ಸೆಕೆಂಡಿಗೆ ಎಷ್ಟು ಸಲ ಅಳೆದು ಬರೆದುಕೊಳ್ಳುತ್ತದೆ ಎಂಬುದೇ ಮಾದರಿ ದರ. ಸಿ.ಡಿ.ಯಲ್ಲಿ ಇದು 44,100. ವಿಡಿಯೋ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 48,000. ಈ ದರದ ಅರ್ಧದಷ್ಟು ಕಂಪನಾಂಕದವರೆಗಿನ ನಾದ ಮಾತ್ರ ದಾಖಲಾಗುತ್ತದೆ ಎಂಬುದು ಇದರ ಮೂಲ ನಿಯಮ. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ನಾದವನ್ನು ಗ್ರಹಿಸಬಲ್ಲದಾದ್ದರಿಂದ ಸಿ.ಡಿ.ಯ ದರ ಅದಕ್ಕೆ ಸಾಕಾಗುತ್ತದೆ. ಮಾದರಿ ದರ 22,050ಕ್ಕೆ ಇಳಿದರೆ 11,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಕತ್ತರಿಸಿ ಹೋಗುತ್ತದೆ. 8,000ಕ್ಕೆ ಇಳಿದರೆ ಉಳಿಯುವುದು 4,000 ಹರ್ಟ್ಸ್‌ವರೆಗಿನ ನಾದ ಮಾತ್ರ; ಹಳೆಯ ದೂರವಾಣಿಯ ಧ್ವನಿಗಿಂತ ಇದು ಹೆಚ್ಚೇನೂ ಉತ್ತಮವಲ್ಲ.

ಎರಡನೆಯದು ಬಿಟ್ ದರ. ಒಂದು ಸೆಕೆಂಡಿನ ಧ್ವನಿಗಾಗಿ ಎಷ್ಟು ಮಾಹಿತಿ ವ್ಯಯವಾಗುತ್ತದೆ ಎಂಬುದರ ಲೆಕ್ಕ ಇದು. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇರುತ್ತದೆ. ಅಂತರ್ಜಾಲದಲ್ಲಿ ಇಷ್ಟನ್ನು ಕಳುಹಿಸುವುದು ದುಬಾರಿಯಾದ್ದರಿಂದ ಧ್ವನಿಯನ್ನು ಸಂಕೋಚಿಸಲಾಗುತ್ತದೆ. ಈ ಲೇಖನದಲ್ಲಿ ಮುಂದೆ ಬರುವ ಕಿಲೋಬಿಟ್ ಅಂಕಿಗಳೆಲ್ಲ ಒಂದು ಸೆಕೆಂಡಿಗೆ ಸಂಬಂಧಿಸಿದವು.

ಮೂರನೆಯದು ಸಂಕೋಚನದ ವಿಧಾನ. ಇದನ್ನು ಕೋಡೆಕ್ ಎನ್ನುತ್ತಾರೆ. ಜೋರಾದ ನಾದದ ಮರೆಯಲ್ಲಿ ಕಿವಿಗೆ ಕೇಳಿಸದೆ ಹೋಗುವ ಸಣ್ಣ ನಾದಗಳನ್ನು ಗುರುತಿಸಿ ಬಿಟ್ಟುಬಿಡುವುದು ಇದರ ತಿರುಳು. 1990ರ ದಶಕದ ಆರಂಭದಲ್ಲಿ ರೂಪುಗೊಂಡ ಎಂಪಿ3, 1997ರಲ್ಲಿ ಮಾನಕವಾದ ಎಎಸಿ, 2012ರಲ್ಲಿ ಮಾನಕವಾದ ಓಪಸ್ ಇವು ಈ ಬಗೆಯ ಮುಖ್ಯ ವಿಧಾನಗಳು. ಹೊಸ ಕೋಡೆಕ್ ಅದೇ ಬಿಟ್ ದರದಲ್ಲಿ ಹಳೆಯದಕ್ಕಿಂತ ಉತ್ತಮ ಧ್ವನಿ ಕೊಡುತ್ತದೆ. ಕಡಿಮೆ ಬಿಟ್ ದರದಲ್ಲಿ ಈ ಅಂತರ ಎದ್ದು ಕಾಣುತ್ತದೆ. ಹೆಚ್ಚಿನ ದರದಲ್ಲಿ ಅಂತರ ಕಿರಿದಾಗುತ್ತದೆ.

ನಾಲ್ಕನೆಯದು ವಾಹಿನಿಗಳ ಸಂಖ್ಯೆ. ಒಂದೇ ವಾಹಿನಿಯಾದರೆ ಮೋನೋ, ಎಡ ಬಲಗಳೆರಡೂ ಇದ್ದರೆ ಸ್ಟೀರಿಯೋ. ಒಬ್ಬರೇ ಮಾತನಾಡುವ ಜಾಹೀರಾತಿಗೆ ಮೋನೋ ಸಾಕು. ಮೇಳದ ಹಾಡು, ಹಲಗೆ, ಜನರ ಕೂಗು ಎಲ್ಲವೂ ಸೇರಿರುವ ಕಡೆ ಸ್ಟೀರಿಯೋ ಇದ್ದರೆ ಕಿವಿ ಒಂದೊಂದನ್ನೂ ಬಿಡಿಸಿಕೊಂಡು ಕೇಳಬಲ್ಲದು.

ಕನ್ನಡದ ಮಾತಿಗೆ ಸಂಬಂಧಿಸಿದಂತೆ ಒಂದು ವಿಷಯವನ್ನು ಗಮನಿಸತಕ್ಕದ್ದಿದೆ. ಸ್ವರಗಳ ಶಕ್ತಿ ಬಹುಪಾಲು ಕೆಳಗಿನ ಕಂಪನಾಂಕಗಳಲ್ಲಿರುತ್ತದೆ; ಸಕಾರದ ಶಕ್ತಿಯಾದರೋ 4,000 ಹರ್ಟ್ಸ್‌ಗಿಂತ ಮೇಲೆ ಹೆಚ್ಚಾಗಿರುತ್ತದೆ. ಆ ಭಾಗ ಕತ್ತರಿಸಿದಾಗ 'ಸಾಲು' ಎಂದದ್ದೋ 'ಶಾಲು' ಎಂದದ್ದೋ ಎಂಬುದನ್ನು ಕೇಳುಗನು ಸಂದರ್ಭದಿಂದ ಊಹಿಸಿಕೊಳ್ಳಬೇಕಾಗುತ್ತದೆ. ಹಲಗೆಯ ವಿಷಯವೂ ಹೀಗೆಯೇ. ಅದರ ಗುಡುಗು ಕೆಳಗಿನ ನಾದವಾದರೆ, ಕೋಲು ಚರ್ಮಕ್ಕೆ ತಾಗಿದ ಕ್ಷಣದ ಚಟ್ಟೆಂಬ ಸದ್ದು ಮೇಲಿನ ನಾದ. ಮೇಲಿನದು ಹೋದರೆ ಪೆಟ್ಟು ಮೊಂಡಾಗುತ್ತದೆ.

ಆರಂಭದ ಕಾಲ: ರಿಯಲ್ ಪ್ಲೇಯರ್ ಮತ್ತು ವಿಂಡೋಸ್ ಮೀಡಿಯಾ

ಅಂತರ್ಜಾಲದಲ್ಲಿ ಧ್ವನಿಯನ್ನು ಪೂರ್ತಿ ಇಳಿಸಿಕೊಳ್ಳದೆ ಹರಿಯುವಂತೆಯೇ ಕೇಳಿಸುವ ವ್ಯವಸ್ಥೆ ಜನಬಳಕೆಗೆ ಬಂದದ್ದು 1995ರಲ್ಲಿ ರಿಯಲ್ ಆಡಿಯೋ ಮೂಲಕ. ಆಗಿನ ದೂರವಾಣಿ ಮೋಡೆಮ್‌ಗಳ ವೇಗ 14.4 ಅಥವಾ 28.8 ಕಿಲೋಬಿಟ್ ಮಾತ್ರ. ಆ ಇಕ್ಕಟ್ಟಿನಲ್ಲಿ ಮಾತು ತಿಳಿದರೆ ಅದೇ ದೊಡ್ಡದೆನಿಸುತ್ತಿತ್ತು. ಸಂಗೀತದ ಸೊಗಸನ್ನು ನಿರೀಕ್ಷಿಸುವಂತಿರಲಿಲ್ಲ. 1997ರಲ್ಲಿ ರಿಯಲ್ ವಿಡಿಯೋ ಬಂತು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಮೀಡಿಯಾ ಆಡಿಯೋ 1999ರಲ್ಲಿ ಬಂತು.

ಈ ಕಾಲದ ಇನ್ನೊಂದು ತೊಡಕೆಂದರೆ, ಒಂದೊಂದು ಜಾಲತಾಣಕ್ಕೂ ಒಂದೊಂದು ತಂತ್ರಾಂಶ ಬೇಕಾಗುತ್ತಿತ್ತು. ನೋಡುಗನ ಗಣಕಯಂತ್ರದಲ್ಲಿ ಅದು ಇಲ್ಲದಿದ್ದರೆ ಧ್ವನಿಯೂ ಇಲ್ಲ, ಚಿತ್ರವೂ ಇಲ್ಲ. ಆಗ ಪೇಟೆಯಲ್ಲಿ ಸಿಗುತ್ತಿದ್ದ ವಿ.ಸಿ.ಡಿ.ಯ ಧ್ವನಿ ಸ್ಟೀರಿಯೋದಲ್ಲಿ 224 ಕಿಲೋಬಿಟ್ ಇರುತ್ತಿತ್ತು. ಎಂದರೆ ಜಾತ್ರೆಯ ಅಂಗಡಿಯಲ್ಲಿ ಕೊಂಡ ವಿ.ಸಿ.ಡಿ.ಯೊಂದು ಆ ಕಾಲದ ಅಂತರ್ಜಾಲ ವಿಡಿಯೋಗಿಂತ ಎಷ್ಟೋ ಪಾಲು ಚೆನ್ನಾಗಿ ಕೇಳಿಸುತ್ತಿತ್ತು.

ಫ್ಲ್ಯಾಶ್ ಕಾಲ

ಈ ಗೊಂದಲಕ್ಕೆ ಪರಿಹಾರವಾಗಿ ಬಂದದ್ದು ಫ್ಲ್ಯಾಶ್ ಪ್ಲೇಯರ್. 2002ರಲ್ಲಿ ಬಂದ ಅದರ 6ನೇ ಆವೃತ್ತಿಯಿಂದ ವಿಡಿಯೋ ಸೌಲಭ್ಯ ದೊರೆಯಿತು. ಮ್ಯಾಕ್ರೋಮೀಡಿಯಾ ಸಂಸ್ಥೆಯ ಕೈಯಲ್ಲಿದ್ದ ಇದು 2005ರ ಡಿಸೆಂಬರ್‌ನಲ್ಲಿ ಅಡೋಬಿ ಸಂಸ್ಥೆಗೆ ಸೇರಿತು. ಅದೇ ವರ್ಷ ಆರಂಭವಾದ ಯೂಟ್ಯೂಬ್ ಫ್ಲ್ಯಾಶ್ ಪ್ಲೇಯರನ್ನೇ ಆಶ್ರಯಿಸಿತು.

ಆರಂಭದ ಯೂಟ್ಯೂಬ್ ವಿಡಿಯೋಗಳ ಧ್ವನಿ ಎಂಪಿ3 ರೂಪದ್ದು. ಮೋನೋ, 22,050 ಮಾದರಿ ದರ, ಸುಮಾರು 64 ಕಿಲೋಬಿಟ್. ಸಿ.ಡಿ.ಯ ಬಿಟ್ ದರಕ್ಕೆ ಹೋಲಿಸಿದರೆ ಇದು 22ನೇ ಒಂದು ಪಾಲು. ಸ್ಟುಡಿಯೋದಲ್ಲಿ ಶ್ರಮವಹಿಸಿ ಸ್ಟೀರಿಯೋದಲ್ಲಿ ಸಿದ್ಧಪಡಿಸಿದ ಧ್ವನಿಯೂ ಏರಿಸಿದ ಮೇಲೆ ಈ ಅಳತೆಗೆ ಇಳಿಯುತ್ತಿತ್ತು.

ಇದಕ್ಕೆ ಕಾರಣ ಆಗಿನ ಸಂಪರ್ಕ ವೇಗ. ಭಾರತ ಸರ್ಕಾರದ 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 256 ಕಿಲೋಬಿಟ್ ವೇಗ ಸಾಕೆಂದು ನಿಗದಿಯಾಗಿತ್ತು. ಅಷ್ಟು ಕಿರಿದಾದ ದಾರಿಯಲ್ಲಿ ಚಿತ್ರವೂ ಧ್ವನಿಯೂ ಒಟ್ಟಿಗೆ ಸಾಗಬೇಕಾದಾಗ ಎರಡನ್ನೂ ಸೊರಗಿಸುವುದು ಅನಿವಾರ್ಯವಾಗಿತ್ತು.

2007ರ ಡಿಸೆಂಬರ್‌ನಲ್ಲಿ ಬಂದ ಫ್ಲ್ಯಾಶ್ ಪ್ಲೇಯರ್‌ನ ಪರಿಷ್ಕೃತ 9ನೇ ಆವೃತ್ತಿಯು ಎಚ್.264 ಚಿತ್ರವನ್ನೂ ಎಎಸಿ ಧ್ವನಿಯನ್ನೂ ನುಡಿಸಲು ಶಕ್ತವಾಯಿತು. ಅನಂತರ ಯೂಟ್ಯೂಬ್‌ನಲ್ಲಿ 44,100 ಮಾದರಿ ದರದ, ಸುಮಾರು 96 ಕಿಲೋಬಿಟ್‌ನ ಸ್ಟೀರಿಯೋ ಎಎಸಿ ಧ್ವನಿ ಲಭ್ಯವಾಯಿತು. ಬಿಟ್ ದರ ಒಂದೂವರೆ ಪಟ್ಟಾಯಿತು, ಕೋಡೆಕ್ ಸುಧಾರಿಸಿತು, ಮಾದರಿ ದರ ಇಮ್ಮಡಿಯಾಯಿತು. ಪ್ಲೇಯರ್ ಮಾತ್ರ ಅದೇ ಫ್ಲ್ಯಾಶ್! ಧ್ವನಿಯ ಗುಣಕ್ಕೆ ಪ್ಲೇಯರ್‌ನ ಹೆಸರಿಗಿಂತ ಅದರೊಳಗೆ ಹರಿಯುವ ಕೋಡೆಕ್ ಮತ್ತು ಬಿಟ್ ದರಗಳೇ ಕಾರಣವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇದೇ ಸುಮಾರಿಗೆ, 2007ರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆ ಸಿಲ್ವರ್‌ಲೈಟ್ ಎಂಬ ತನ್ನದೇ ವ್ಯವಸ್ಥೆಯನ್ನು ಹೊರತಂದಿತು. ಫ್ಲ್ಯಾಶ್‌ನಷ್ಟು ಹರಡದ ಆ ವ್ಯವಸ್ಥೆಗೆ ನೀಡುತ್ತಿದ್ದ ಬೆಂಬಲ 2021ರ ಅಕ್ಟೋಬರ್‌ನಲ್ಲಿ ಕೊನೆಗೊಂಡಿತು.

ಮೊಬೈಲಿನ 3ಜಿಪಿ ಕಡತಗಳು

ಗಣಕಯಂತ್ರ ಇಲ್ಲದ ಮನೆಗಳಿಗೂ ವಿಡಿಯೋ ತಲುಪಿದ್ದು 2000ರ ದಶಕದ ಕೊನೆಯ ವರ್ಷಗಳಲ್ಲಿ ಮೆಮೊರಿ ಕಾರ್ಡ್ ಮೂಲಕ. ಮೊಬೈಲ್ ಅಂಗಡಿಗಳಲ್ಲಿ ಹಾಡು, ವಿಡಿಯೋಗಳನ್ನು ಕಾರ್ಡಿಗೆ ತುಂಬಿಸಿಕೊಡುವುದೇ ಒಂದು ವ್ಯಾಪಾರವಾಗಿತ್ತು. ಆ ಕಡತಗಳು ಹೆಚ್ಚಾಗಿ 3ಜಿಪಿ ರೂಪದಲ್ಲಿದ್ದವು. ಅವುಗಳಲ್ಲಿ ಅನೇಕವುಗಳ ಧ್ವನಿ ಎಎಂಆರ್ ಎಂಬ ಕೋಡೆಕ್‌ನದು. ಮೊಬೈಲ್ ಕರೆಗಾಗಿಯೇ ರೂಪಿಸಿದ ಈ ಕೋಡೆಕ್‌ನ ಮಾದರಿ ದರ 8,000. ಬಿಟ್ ದರ ಗರಿಷ್ಠ 12.2 ಕಿಲೋಬಿಟ್. ಮಾತಿಗೆ ಹೇಳಿ ಮಾಡಿಸಿದ ಇದಕ್ಕೆ ಹಾಡನ್ನೋ ಹಲಗೆಯನ್ನೋ ಒಪ್ಪಿಸಿದರೆ ನೀರಿನೊಳಗಿನಿಂದ ಬಂದಂತೆ ನಾದ ನಡುಗುತ್ತದೆ. ಆ ಕಾಲದ ಹಲವು ಕಡತಗಳು ಇಂದಿಗೂ ಒಬ್ಬರಿಂದೊಬ್ಬರಿಗೆ ಸಾಗುತ್ತಿವೆ. ಅವುಗಳನ್ನು ಯಾವ ಹೊಸ ತಂತ್ರಾಂಶದಲ್ಲಿ ನುಡಿಸಿದರೂ 4,000 ಹರ್ಟ್ಸ್‌ಗಿಂತ ಮೇಲೆ ಕಳೆದುಹೋದದ್ದು ಮರಳಿ ಬರುವುದಿಲ್ಲ.

ಎಚ್‌ಟಿಎಂಎಲ್5 ಮತ್ತು ಇಂದಿನ ವ್ಯವಸ್ಥೆ

ಬೇರೆ ತಂತ್ರಾಂಶದ ಹಂಗಿಲ್ಲದೆ ಬ್ರೌಸರ್ ತಾನೇ ವಿಡಿಯೋ ನುಡಿಸುವಂತಾದದ್ದು ಎಚ್‌ಟಿಎಂಎಲ್5ರಿಂದ. ಯೂಟ್ಯೂಬ್ 2010ರ ಜನವರಿಯಲ್ಲಿ ಇದನ್ನು ಪ್ರಾಯೋಗಿಕವಾಗಿ ಆರಂಭಿಸಿ, 2015ರ ಜನವರಿಯಲ್ಲಿ ಫ್ಲ್ಯಾಶ್ ಬದಲಿಗೆ ಇದನ್ನೇ ಮೂಲ ವ್ಯವಸ್ಥೆಯಾಗಿ ಸ್ವೀಕರಿಸಿತು. ಎಚ್‌ಟಿಎಂಎಲ್5 ಅಧಿಕೃತ ಮಾನಕವಾದದ್ದು 2014ರ ಅಕ್ಟೋಬರ್‌ನಲ್ಲಿ. 2007ರಲ್ಲಿ ಮಾರುಕಟ್ಟೆಗೆ ಬಂದ ಐಫೋನ್ ಫ್ಲ್ಯಾಶ್‌ಗೆ ಅವಕಾಶ ಕೊಡಲೇ ಇಲ್ಲ. ಕೊನೆಗೆ ಅಡೋಬಿ ಸಂಸ್ಥೆಯೇ 2020ರ ಡಿಸೆಂಬರ್ 31ರಂದು ಫ್ಲ್ಯಾಶ್‌ಗೆ ಮುಕ್ತಾಯ ಹಾಡಿತು.

ಇಂದು ಯೂಟ್ಯೂಬ್‌ನಂತಹ ತಾಣಗಳು ಏರಿಸಿದ ಒಂದೇ ವಿಡಿಯೋದಿಂದ ಅನೇಕ ಪ್ರತಿಗಳನ್ನು ತಯಾರಿಸಿಕೊಳ್ಳುತ್ತವೆ. ಧ್ವನಿ ಮತ್ತು ಚಿತ್ರಗಳನ್ನು ಪ್ರತ್ಯೇಕ ಪ್ರವಾಹಗಳಾಗಿ ಇರಿಸಿ, ನೋಡುಗನ ಉಪಕರಣ ಮತ್ತು ಸಂಪರ್ಕಕ್ಕೆ ಹೊಂದುವ ಜೋಡಿಯನ್ನು ಕಳುಹಿಸುತ್ತವೆ. ಸ್ಟೀರಿಯೋ ಧ್ವನಿಗೆ ಸಾಮಾನ್ಯವಾಗಿ ದೊರೆಯುವುದು 128 ಕಿಲೋಬಿಟ್‌ನ ಎಎಸಿ, ಇಲ್ಲವೇ ಗರಿಷ್ಠ 160 ಕಿಲೋಬಿಟ್‌ವರೆಗಿನ ಓಪಸ್. ಸಂಪರ್ಕ ಕ್ಷೀಣವಾಗಿದ್ದಲ್ಲಿ 50 ಅಥವಾ 70 ಕಿಲೋಬಿಟ್ ಆಸುಪಾಸಿನ ಓಪಸ್ ಪ್ರತಿಗಳೂ ಇವೆ. ಈ ಕೆಳಗಿನ ದರದ ಓಪಸ್ ಕೂಡ ಹಿಂದಿನ 64 ಕಿಲೋಬಿಟ್‌ನ ಮೋನೋ ಎಂಪಿ3ಗಿಂತ ಚೆನ್ನಾಗಿ ಕೇಳಿಸುತ್ತದೆ ಎಂಬುದು ಕೋಡೆಕ್ ವಿಜ್ಞಾನ ಸಾಧಿಸಿದ ಪ್ರಗತಿಯ ದ್ಯೋತಕ.

ಒಂದೇ ಕಡತ, ಎರಡು ಪ್ಲೇಯರ್: ವ್ಯತ್ಯಾಸವುಂಟೇ?

ಒಂದೇ ಎಎಸಿ ಕಡತವನ್ನು ಎರಡು ಬೇರೆ ಬೇರೆ ಪ್ಲೇಯರ್‌ಗಳಲ್ಲಿ ನುಡಿಸಿದರೆ ಧ್ವನಿ ಬೇರೆಯಾಗುವುದೇ ಎಂಬ ಪ್ರಶ್ನೆ ಸಹಜ. ಸಂಕೋಚನವನ್ನು ಬಿಡಿಸುವ ಕ್ರಮ ಮಾನಕದಲ್ಲಿಯೇ ನಿಗದಿಯಾಗಿರುವುದರಿಂದ, ಸರಿಯಾಗಿ ರೂಪಿಸಿದ ಪ್ಲೇಯರ್‌ಗಳ ಫಲಿತಾಂಶ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಆದರೂ ವ್ಯತ್ಯಾಸ ಕೇಳಿಬಂದರೆ ಅದಕ್ಕೆ ಈ ಕಾರಣಗಳಿರಬಹುದು.

1. ಧ್ವನಿಯ ಮಟ್ಟ: ಒಂದರಲ್ಲಿ ಧ್ವನಿ ತುಸು ಜೋರಾಗಿದ್ದರೆ ಕಿವಿ ಅದನ್ನೇ ಉತ್ತಮವೆಂದು ಭ್ರಮಿಸುತ್ತದೆ. ಹೋಲಿಕೆ ಮಾಡುವ ಮುನ್ನ ಎರಡರ ಮಟ್ಟವನ್ನೂ ಸಮಗೊಳಿಸುವುದು ಅವಶ್ಯ.

2. ಮಟ್ಟದ ಸಮೀಕರಣ: ಯೂಟ್ಯೂಬ್ ಅತಿ ಜೋರಾದ ವಿಡಿಯೋಗಳ ಮಟ್ಟವನ್ನು ತಾನೇ ತಗ್ಗಿಸುತ್ತದೆ. ಅದೇ ಕಡತವನ್ನು ಗಣಕಯಂತ್ರದಲ್ಲಿ ನೇರವಾಗಿ ನುಡಿಸಿದಾಗ ಈ ತಗ್ಗಿಸುವಿಕೆ ಇರುವುದಿಲ್ಲ. ಜಾಹೀರಾತು ಎದ್ದು ಕೇಳಿಸಲೆಂದು ಮಿತಿಮೀರಿ ಜೋರು ಮಾಡಿದವರಿಗೆ ಇದರಿಂದ ಲಾಭವಿಲ್ಲ. ಜೋರು ಇಳಿದು ಒರಟುತನವಷ್ಟೇ ಉಳಿಯುತ್ತದೆ.

3. ಮಾದರಿ ದರದ ಮಾರ್ಪಾಡು: 44,100 ದರದ ಧ್ವನಿಯನ್ನು ಉಪಕರಣವು 48,000ಕ್ಕೆ ಬದಲಿಸಿ ನುಡಿಸಬೇಕಾದಾಗ, ಆ ಕೆಲಸ ಅಚ್ಚುಕಟ್ಟಾಗಿ ನಡೆಯದಿದ್ದರೆ ತುಸು ಕೆಡುಕಾಗಬಹುದು. ಇಂದಿನ ಉಪಕರಣಗಳಲ್ಲಿ ಇದು ಗಮನಕ್ಕೆ ಬರುವುದು ಅಪರೂಪ.

4. ಕೇಳುವ ಸಾಧನ: ಬ್ಲೂಟೂತ್ ಮೂಲಕ ಕೇಳುವಾಗ ಧ್ವನಿ ಮತ್ತೊಮ್ಮೆ ಸಂಕೋಚನಕ್ಕೆ ಒಳಗಾಗುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್ ಕೆಳಗಿನ ನಾದಗಳನ್ನು ಹೊರಡಿಸಲಾರದು. ಡೊಳ್ಳಿನ ಗುಡುಗು ಅದರಲ್ಲಿ ಬರಿಯ ತಟ್ಟುವಿಕೆಯಾಗುತ್ತದೆ.

ತುಲನೆ: ಒಂದು ನೋಟದಲ್ಲಿ

ಸಿ.ಡಿ.: ಸ್ಟೀರಿಯೋ, 44,100 ಮಾದರಿ ದರ, 1,411 ಕಿಲೋಬಿಟ್. ಸಂಕೋಚನವಿಲ್ಲ.

ವಿ.ಸಿ.ಡಿ.: ಸ್ಟೀರಿಯೋ, 44,100 ಮಾದರಿ ದರ, 224 ಕಿಲೋಬಿಟ್. ಹಾಡಿಗೆ ತೃಪ್ತಿಕರ.

3ಜಿಪಿ (ಎಎಂಆರ್): ಮೋನೋ, 8,000 ಮಾದರಿ ದರ, ಗರಿಷ್ಠ 12.2 ಕಿಲೋಬಿಟ್. ಮಾತಿಗಷ್ಟೇ ಯೋಗ್ಯ.

ಆರಂಭದ ಫ್ಲ್ಯಾಶ್ ವಿಡಿಯೋ (ಎಂಪಿ3): ಮೋನೋ, 22,050 ಮಾದರಿ ದರ, ಸುಮಾರು 64 ಕಿಲೋಬಿಟ್. ಮಾತಿಗೆ ಸಾಕು, ಮೇಳದ ಹಾಡಿಗೆ ಸಾಲದು.

ಅನಂತರದ ಫ್ಲ್ಯಾಶ್ (ಎಎಸಿ): ಸ್ಟೀರಿಯೋ, 44,100 ಮಾದರಿ ದರ, ಸುಮಾರು 96 ಕಿಲೋಬಿಟ್. ಹಾಡಿಗೆ ಸಾಧಾರಣ.

ಎಚ್‌ಟಿಎಂಎಲ್5 (ಎಎಸಿ ಅಥವಾ ಓಪಸ್): ಸ್ಟೀರಿಯೋ, 44,100 ಅಥವಾ 48,000 ಮಾದರಿ ದರ, 128ರಿಂದ 160 ಕಿಲೋಬಿಟ್. ಮಾತಿಗೂ ಹಾಡಿಗೂ ಉತ್ತಮ.

ಧ್ವನಿಯಲ್ಲಿ ಉಳಿತಾಯ ಮಾಡಿದರೆ ಉಳಿಯುವುದೆಷ್ಟು?

ಡೇಟಾ ಉಳಿಸುವ ಉದ್ದೇಶದಿಂದ ಧ್ವನಿಯ ಬಿಟ್ ದರವನ್ನು ಇಳಿಸುವ ಪರಿಪಾಠ ಕೆಲವೆಡೆ ಇದೆ. ವ್ಯಾಪಾರಿಯ ದೃಷ್ಟಿಯಿಂದ ಇದರ ಲೆಕ್ಕ ನೋಡುವುದು ಒಳ್ಳೆಯದು. 128 ಕಿಲೋಬಿಟ್‌ನ ಧ್ವನಿ ಒಂದು ನಿಮಿಷಕ್ಕೆ ಸುಮಾರು 0.96 ಮೆಗಾಬೈಟ್, ಒಂದು ಗಂಟೆಗೆ ಸುಮಾರು 58 ಮೆಗಾಬೈಟ್ ಆಗುತ್ತದೆ. ಉತ್ತಮ ಸ್ಪಷ್ಟತೆಯ ಚಿತ್ರಕ್ಕೆ 4,000 ಕಿಲೋಬಿಟ್ ಎಂದು ಹಿಡಿದರೆ ಅದು ನಿಮಿಷಕ್ಕೆ 30 ಮೆಗಾಬೈಟ್. ಎಂದರೆ ಒಟ್ಟು ಗಾತ್ರದಲ್ಲಿ ಧ್ವನಿಯ ಪಾಲು ಶೇಕಡಾ 3ರಷ್ಟು ಮಾತ್ರ. ಧ್ವನಿಯನ್ನು 64 ಕಿಲೋಬಿಟ್‌ಗೆ ಇಳಿಸಿದರೆ ಉಳಿಯುವುದು ಶೇಕಡಾ 2ಕ್ಕಿಂತ ಕಡಿಮೆ. ಕಳೆದುಕೊಳ್ಳುವುದು ಮಾತಿನ ಮೊನಚು, ಹಾಡಿನ ಕಳೆ. ಗಾತ್ರ ಇಳಿಸಲೇಬೇಕಾದ ಸಂದರ್ಭದಲ್ಲಿ ಚಿತ್ರದ ಗಾತ್ರವನ್ನು ಒಂದು ಮೆಟ್ಟಿಲು ಇಳಿಸಿ, ಧ್ವನಿಯನ್ನು ಹಾಗೆಯೇ ಉಳಿಸಿಕೊಳ್ಳುವುದು ಲಾಭದಾಯಕ.

ನಷ್ಟ ಕೂಡುತ್ತ ಹೋಗುವ ಬಗೆ

ಸಂಕೋಚನಕ್ಕೆ ಒಳಗಾದ ಧ್ವನಿಯನ್ನು ಮತ್ತೆ ಸಂಕೋಚಿಸಿದಾಗ ಮೊದಲ ನಷ್ಟದ ಮೇಲೆ ಎರಡನೆಯ ನಷ್ಟ ಸೇರುತ್ತದೆ. ಸಾಲದ ಮೇಲಿನ ಚಕ್ರಬಡ್ಡಿಯಂತೆ ಅದು ಬೆಳೆಯುತ್ತದೆ. ಕ್ಯಾಮೆರಾದಲ್ಲಿ ಒಮ್ಮೆ, ಸಂಕಲನ ಮುಗಿಸಿ ಕಡತ ತೆಗೆಯುವಾಗ ಒಮ್ಮೆ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಒಮ್ಮೆ, ಅದನ್ನು ಪಡೆದವರು ಯೂಟ್ಯೂಬ್‌ಗೆ ಏರಿಸುವಾಗ ಮತ್ತೊಮ್ಮೆ ಹೀಗೆ ನಾಲ್ಕು ಸಲ ಸೋಸಿದ ಧ್ವನಿ ಕೊನೆಗೆ ಕೇಳುಗನನ್ನು ಮುಟ್ಟುತ್ತದೆ. ಆಗ ಬರುವ ದೂರು ಯೂಟ್ಯೂಬ್ ಸರಿಯಿಲ್ಲ, ಮೊಬೈಲ್ ಸರಿಯಿಲ್ಲ ಎಂದು. ತಪ್ಪಾದರೋ ನಡುವಿನ ದಾರಿಯದು. ವಾಟ್ಸ್‌ಆ್ಯಪ್‌ನಲ್ಲಿ ಗ್ರಾಹಕರಿಗೆ ಅಥವಾ ಸಂಕಲನಕಾರರಿಗೆ ಕಡತವನ್ನು ಕಳುಹಿಸುವಾಗ ವಿಡಿಯೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಅದು ಮೂಲ ರೂಪದಲ್ಲಿಯೇ ತಲುಪುತ್ತದೆ.

ಕಪಾಟಿನಲ್ಲಿರುವ ಬಂಡವಾಳ

ಇದೆಲ್ಲದರ ನಡುವೆ ಸ್ಟುಡಿಯೋ ಮಾಲೀಕರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. 2000ರ ದಶಕದಲ್ಲಿ ಮದುವೆ, ಉತ್ಸವಗಳ ಚಿತ್ರೀಕರಣಕ್ಕೆ ವ್ಯಾಪಕವಾಗಿ ಬಳಕೆಯಾದ ಮಿನಿ ಡಿವಿ ಟೇಪಿನಲ್ಲಿ ಧ್ವನಿಯು ಸಂಕೋಚನವಿಲ್ಲದೆ ದಾಖಲಾಗುತ್ತಿತ್ತು: 16 ಬಿಟ್ ಕ್ರಮದಲ್ಲಿ 48,000 ಮಾದರಿ ದರ, ಸ್ಟೀರಿಯೋ, ಒಟ್ಟು 1,536 ಕಿಲೋಬಿಟ್. ಕ್ಯಾಮೆರಾದಲ್ಲಿ 12 ಬಿಟ್ ಕ್ರಮ ಆರಿಸಿದ್ದಲ್ಲಿ ಮಾದರಿ ದರ 32,000 ಇರುತ್ತಿತ್ತು; ಅದೂ ಎಫ್.ಎಂ. ರೇಡಿಯೋಗೆ ಸಮನಾದ ವ್ಯಾಪ್ತಿಯೇ.

ಅಂದು ಅಂತರ್ಜಾಲಕ್ಕೆ ಏರಿದ್ದು 64 ಕಿಲೋಬಿಟ್‌ನ ಪ್ರತಿ, ಮೆಮೊರಿ ಕಾರ್ಡಿಗೆ ಇಳಿದದ್ದು 12 ಕಿಲೋಬಿಟ್‌ನ ಪ್ರತಿ. ಆದರೆ ಅದೇ ಹಾಡಿನ ಸಿ.ಡಿ. ಮಟ್ಟದ ಧ್ವನಿ ಆ ಪುಟ್ಟ ಟೇಪಿನೊಳಗೆ ಉಳಿದಿರುವ ಸಾಧ್ಯತೆಯಿದೆ. ಇಂದು ಬದುಕಿಲ್ಲದ ರಿವಾಯತ್ ಹಾಡುಗಾರರ ದನಿ, ಹಿರಿಯರ ಹರಕೆಯ ಮಾತು, ಮದುವೆಯ ಸೋಬಾನೆ ಇವೆಲ್ಲ ಅದರಲ್ಲಿ ಇರಬಹುದು. ಟೇಪು ಶಾಶ್ವತವಲ್ಲ, ಸೆಖೆ, ದೂಳು, ತೇವ, ಬೂಸ್ಟುಗಳಿಂದ ಅದರ ಕಾಂತೀಯ ಲೇಪನ ಹಾಳಾಗುತ್ತದೆ. ಅದಕ್ಕಿಂತ ಮುಂಚೆಯೇ ಅದನ್ನು ನುಡಿಸಬಲ್ಲ ಸುಸ್ಥಿತಿಯ ಕ್ಯಾಮೆರಾಗಳೂ ಫೈರ್‌ವೈರ್ ಜೋಡಣೆಯಿರುವ ಗಣಕಯಂತ್ರಗಳೂ ವಿರಳವಾಗುತ್ತಿವೆ. ಟೇಪನ್ನು ಮರುಬಳಸುವ ಅಥವಾ ರದ್ದಿಗೆ ಹಾಕುವ ಮುನ್ನ ಅದರಲ್ಲಿರುವುದನ್ನು ಪೂರ್ಣ ಗುಣಮಟ್ಟದಲ್ಲಿ ಹಾರ್ಡ್ ಡಿಸ್ಕಿಗೆ ಇಳಿಸಿಡುವುದು ಊರಿನ ನೆನಪಿನ ರಕ್ಷಣೆಯೂ ಹೌದು, ಸ್ಟುಡಿಯೋದ ಪಾಲಿಗೆ ಹೊಸ ಆದಾಯದ ದಾರಿಯೂ ಹೌದು. ಡಿವಿ ಕಡತ ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಹಿಡಿಯುತ್ತದೆ. ಅಂದು ಅದು ದೊಡ್ಡ ಹೊರೆಯಾಗಿತ್ತು. ಇಂದಿನ 1 ಟೆರಾಬೈಟ್ ಡಿಸ್ಕಿನಲ್ಲಿ ಅಂತಹ ಎಪ್ಪತ್ತಕ್ಕೂ ಹೆಚ್ಚು ಗಂಟೆಗಳು ಹಿಡಿಸುತ್ತವೆ.

ಪರೀಕ್ಷಿಸುವ ಸುಲಭ ವಿಧಾನ

ತಮ್ಮ ವಿಡಿಯೋದ ಧ್ವನಿ ಯಾವ ರೂಪದಲ್ಲಿ ತಲುಪುತ್ತಿದೆ ಎಂಬುದನ್ನು ಯಾರು ಬೇಕಾದರೂ ತಿಳಿದುಕೊಳ್ಳಬಹುದು. ಗಣಕಯಂತ್ರದಲ್ಲಿ ಯೂಟ್ಯೂಬ್ ವಿಡಿಯೋದ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಎಂಬುದನ್ನು ಆರಿಸಿದರೆ ಒಂದು ಪುಟ್ಟ ಪಟ್ಟಿ ತೆರೆಯುತ್ತದೆ. ಅದರಲ್ಲಿ ಕೋಡೆಕ್ ಎಂಬ ಸಾಲಿನಲ್ಲಿ 'ಓಪಸ್ (251)' ಎಂದಿದ್ದರೆ ಉನ್ನತ ದರದ ಓಪಸ್ ಎಂದೂ, 'ಎಂಪಿ4ಎ' ಎಂಬುದರ ಮುಂದೆ 140 ಎಂದಿದ್ದರೆ 128 ಕಿಲೋಬಿಟ್‌ನ ಎಎಸಿ ಎಂದೂ, 249 ಅಥವಾ 250 ಎಂದಿದ್ದರೆ ಕಡಿಮೆ ದರದ ಓಪಸ್ ಎಂದೂ ತಿಳಿಯಬೇಕು. ಅಲ್ಲಿಯೇ ಇರುವ ಧ್ವನಿಮಟ್ಟದ ಸಾಲು, ತಾಣವು ಮಟ್ಟವನ್ನು ತಗ್ಗಿಸಿದೆಯೇ ಎಂಬುದನ್ನು ತೋರಿಸುತ್ತದೆ.

ಯಂತ್ರದ ಅಂಕಿಗಳ ಜೊತೆಗೆ ಕಿವಿಯ ಪರೀಕ್ಷೆಯೂ ನಡೆಯಬೇಕು. ಮೂಲ ಕಡತ ಯಾವುದು, ಏರಿಸಿದ ಪ್ರತಿ ಯಾವುದು ಎಂಬುದನ್ನು ಕೇಳುವವರಿಗೆ ಹೇಳದೆ, ಮಟ್ಟ ಸಮಗೊಳಿಸಿ, ಒಂದೇ ಹೆಡ್‌ಫೋನಿನಲ್ಲಿ ಎರಡನ್ನೂ ಕೇಳಿಸಬೇಕು. ಸಕಾರ ಶಕಾರಗಳು ಬೇರೆಯಾಗಿ ಕೇಳುತ್ತವೆಯೇ, ಹಲಗೆಯ ನಡುವೆ ಹಾಡಿನ ಮಾತು ತಿಳಿಯುತ್ತದೆಯೇ ಎಂಬ ಎರಡು ಪ್ರಶ್ನೆಗಳು ಸಾಕು. ಅನಂತರ ಅದನ್ನೇ ಕಡಿಮೆ ಬೆಲೆಯ ಮೊಬೈಲಿನ ಸ್ಪೀಕರ್‌ನಲ್ಲಿಯೂ ಕೇಳಿ ನೋಡತಕ್ಕದ್ದು. ಗ್ರಾಹಕರಲ್ಲಿ ಬಹುಮಂದಿ ಕೇಳುವುದು ಅದರಲ್ಲಿಯೇ.

ಅನುಸರಿಸತಕ್ಕ ಕ್ರಮಗಳು

1. ದಾಖಲಿಸುವಾಗಲೇ ಎಚ್ಚರಿಕೆ ಇರಲಿ. ಮೈಕನ್ನು ಹಾಡುಗಾರರ ಸಮೀಪ ಇರಿಸಿ, ಮಟ್ಟವನ್ನು ಹಲಗೆಯ ಅತಿ ಜೋರಿನ ಪೆಟ್ಟಿಗೆ ಹೊಂದಿಸಿಕೊಳ್ಳಬೇಕು. ಮಟ್ಟ ಮೀರಿ ಒಡೆದ ಧ್ವನಿಯನ್ನು ಪೂರ್ತಿಯಾಗಿ ಸರಿಪಡಿಸಲಾಗದು. ಮಟ್ಟವನ್ನು ಯಂತ್ರವೇ ಹೊಂದಿಸುವ ಸೌಲಭ್ಯವನ್ನು ಸಾಧ್ಯವಾದಲ್ಲಿ ನಿಲ್ಲಿಸುವುದು ಲೇಸು. ಇಲ್ಲವಾದರೆ ಪ್ರತಿ ಪೆಟ್ಟಿಗೂ ಹಾಡಿನ ದನಿ ಕುಗ್ಗಿ ಏಳುತ್ತದೆ.

2. ಉತ್ಸವದ ಮೆರವಣಿಗೆಯಲ್ಲಿ ಧ್ವನಿವರ್ಧಕ ಒದಗಿಸುವವರೊಡನೆ ಮೊದಲೇ ಮಾತನಾಡಿ ಅವರ ಮಿಕ್ಸರ್‌ನಿಂದ ನೇರ ಜೋಡಣೆ ಪಡೆದರೆ ಪದಗಳು ಸ್ಪಷ್ಟವಾಗಿ ದೊರೆಯುತ್ತವೆ. ಜನರ ಕಲರವಕ್ಕೆ ಕ್ಯಾಮೆರಾದ ಮೈಕ್ ಇದ್ದೇ ಇರುತ್ತದೆ.

3. ಏರಿಸುವ ಕಡತದಲ್ಲಿ ಎಎಸಿ ಧ್ವನಿ, 48,000 ಮಾದರಿ ದರ, ಸ್ಟೀರಿಯೋಗೆ 384 ಕಿಲೋಬಿಟ್, ಮೋನೋಗೆ 128 ಕಿಲೋಬಿಟ್ ಇರಲಿ. ಯೂಟ್ಯೂಬ್ ಸಂಸ್ಥೆಯೇ ಶಿಫಾರಸು ಮಾಡಿರುವ ಅಳತೆಗಳಿವು.

4. ಏರಿಸುವುದು ಯಾವಾಗಲೂ ಸಂಕಲನದಿಂದ ನೇರವಾಗಿ ಹೊರಬಂದ ಕಡತವನ್ನೇ. ವಾಟ್ಸ್‌ಆ್ಯಪ್‌ನಿಂದ ಬಂದ ಪ್ರತಿಯನ್ನು ಅಥವಾ ಬೇರೊಂದು ತಾಣದಿಂದ ಇಳಿಸಿಕೊಂಡ ಪ್ರತಿಯನ್ನು ಏರಿಸಬಾರದು.

5. ಜಾಹೀರಾತಿನಲ್ಲಿ ಮಾತಿನ ಹಿಂದೆ ನುಡಿಸುವ ಸಂಗೀತವನ್ನು ತಗ್ಗಿಸಿಡಬೇಕು. ಅಂಗಡಿಯ ಹೆಸರು, ಬೆಲೆ, ಸ್ಥಳಗಳನ್ನು ಧ್ವನಿಯ ಜೊತೆಗೆ ಅಕ್ಷರಗಳಲ್ಲಿಯೂ ತೋರಿಸುವುದು ಉತ್ತಮ.

6. ಸ್ಟೀರಿಯೋ ಧ್ವನಿಯನ್ನು ಒಮ್ಮೆ ಮೋನೋದಲ್ಲಿ ಕೇಳಿ ಪರೀಕ್ಷಿಸಬೇಕು. ಮೈಕುಗಳ ಜೋಡಣೆ ತಲೆಕೆಳಗಾಗಿದ್ದರೆ ಒಂದೇ ಸ್ಪೀಕರ್ ಇರುವ ಮೊಬೈಲಿನಲ್ಲಿ ಎಡ ಬಲಗಳು ಒಂದನ್ನೊಂದು ಅಳಿಸಿ ಹಾಡಿನ ದನಿಯೇ ಮಾಯವಾಗುವುದುಂಟು.

7. ಮೂಲ ಕಡತದ ಎರಡು ಪ್ರತಿಗಳನ್ನು ಎರಡು ಬೇರೆ ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಕಟ್ಟಡಗಳಲ್ಲಿ ಇರಿಸಬೇಕು. ಯೂಟ್ಯೂಬ್‌ನಲ್ಲಿರುವುದು ಪ್ರದರ್ಶನದ ಪ್ರತಿ. ಅದನ್ನು ಮೂಲವೆಂದು ಭಾವಿಸಿ ಮೂಲವನ್ನು ಅಳಿಸಬಾರದು.

ರಿಯಲ್ ಪ್ಲೇಯರ್ ಹಿನ್ನೆಲೆಗೆ ಸರಿಯಿತು, ಫ್ಲ್ಯಾಶ್ ಬಂದು ಹೋಯಿತು, ಸಿಲ್ವರ್‌ಲೈಟ್ ಮರೆಯಾಯಿತು. ಇಂದಿನ ವ್ಯವಸ್ಥೆಗೂ ಮುಂದೊಂದು ದಿನ ಬದಲಿ ಬರುವುದು ಖಚಿತ. ಪ್ರತಿ ಸಲವೂ ನುಡಿಸುವ ತಂತ್ರಜ್ಞಾನ ಸುಧಾರಿಸಿದೆ. ಆದರೆ ಅದರ ಪ್ರಯೋಜನ ದೊರೆತದ್ದು ಮೂಲವನ್ನು ಚೆನ್ನಾಗಿ ದಾಖಲಿಸಿ ಜೋಪಾನ ಮಾಡಿದವರಿಗೆ ಮಾತ್ರ. 2006ರ ಮೂಲ ಟೇಪನ್ನು ಉಳಿಸಿಕೊಂಡವರು ಅದನ್ನು ಇಂದು ಮತ್ತೆ ಏರಿಸಿ, ಅಂದು ಯಾರೂ ಕೇಳಿರದ ಸ್ಪಷ್ಟತೆಯಲ್ಲಿ ಕೇಳಿಸಬಲ್ಲರು. ಏರಿಸಿದ ಪ್ರತಿಯೊಂದನ್ನೇ ನಂಬಿ ಟೇಪು ಅಳಿಸಿದವರಿಗೆ ಆ ಅವಕಾಶವಿಲ್ಲ. ಆದಕಾರಣ ವರ್ತಕ ಬಾಂಧವರೂ ಸ್ಟುಡಿಯೋ ಮಾಲೀಕರೂ ಹೊಸ ಉಪಕರಣಕ್ಕೆ ಹಣ ಹೂಡುವ ಮುನ್ನ ತಮ್ಮ ಕಪಾಟಿನಲ್ಲಿರುವ ಟೇಪುಗಳ ಪಟ್ಟಿ ಮಾಡಿ, ಅವುಗಳನ್ನು ಇಳಿಸಿಡುವ ಕಾರ್ಯವನ್ನು ಈ ವರ್ಷವೇ ಕೈಗೊಳ್ಳುವುದು ವಿಹಿತ.